ಬೇಸಿಗೆ ರಜೆಯ ಮೊದಲ ಕೂಲಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಏಪ್ರಿಲ್ 10 ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದು ಪಾಸು-ಫೇಲಿನ ದಿನ. ಹೆಡ್ ಮಾಸ್ತರರು ವರಾಂಡದಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಪಾಸಾದವರು ಪೆಪ್ಪರಮಿಂಟು ಹಂಚುತ್ತಿದ್ದರು, ಫೇಲಾದವರು ಯಾರ ಕಣ್ಣಿಗೂ ಬೀಳದಂತೆ ಮನೆಯ ದಾರಿ ಹಿಡಿಯುತ್ತಿದ್ದರು. ಮರುದಿನದಿಂದ ಶಾಲೆಗೆ ಬೀಗ. ಆ ರಜೆಯನ್ನು ಅಜ್ಜಿ ಮನೆ, ಮಾವಿನ ತೋಪು, ಕೆರೆಯ ಈಜು ಎಂದು ನೆನೆದು ಪ್ರತಿ ಬೇಸಿಗೆಯಲ್ಲೂ ಯಾರಾದರೂ ಬರೆಯುತ್ತಾರೆ. ಅವೆಲ್ಲ ನಿಜವೇ. ಆದರೆ ನಾಡಿನ ಎಷ್ಟೋ ಮನೆಗಳಲ್ಲಿ ಏಪ್ರಿಲ್ 11ರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುತ್ತಿದ್ದುದು ಕೆಲಸಕ್ಕೆ. ಜೂನ್ ತಿಂಗಳಲ್ಲಿ ನೋಟ್‌ಬುಕ್ಕು, ಕೊಡೆ, ಯೂನಿಫಾರಂ ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ; ಆ ಖರ್ಚಿಗೆ ದಾರಿ ಆಗಬೇಕಾಗಿದ್ದುದು ಏಪ್ರಿಲ್-ಮೇನಲ್ಲೇ.

ಈಗ ಐವತ್ತು ದಾಟಿದ ಯಾರನ್ನಾದರೂ ‘ನೀವು ಮೊದಲು ದುಡಿದ ಕೆಲಸ ಯಾವುದು?’ ಎಂದು ಕೇಳಿ ನೋಡಿ. ನೇಮಕಾತಿ ಪತ್ರ ಬಂದ ಕೆಲಸವನ್ನು ಅವರು ಮೊದಲು ಹೇಳುವುದಿಲ್ಲ. ‘ನಾನು ಟೆಂಟ್ ಸಿನಿಮಾದಲ್ಲಿ ಸೋಡಾ ಮಾರ್ತಿದ್ದೆ’, ‘ಲಗ್ನದ ಮನೆಗಳಲ್ಲಿ ನೀರು ಬಡಿಸ್ತಿದ್ದೆ’, ‘ಹಳೇ ಪುಸ್ತಕಕ್ಕೆ ಬೈಂಡ್ ಹಾಕ್ತಿದ್ದೆ’ ಎಂದು ಶುರುಮಾಡುತ್ತಾರೆ. ಆ ಕೆಲಸದ ವಾಸನೆ, ಅಂದಿನ ಕೂಲಿ, ಮಾಲೀಕರ ಗದರಿಕೆ ಎಲ್ಲವೂ ಅವರಿಗೆ ಕರಾರುವಾಕ್ಕಾಗಿ ನೆನಪಿರುತ್ತವೆ.

ಊರಿಗೊಂದು ಕಸುಬು

ಬೇಸಿಗೆಯ ಕೆಲಸಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದವು. ಕರಾವಳಿಯಲ್ಲಿ ಮಾರ್ಚ್ ಕಳೆಯುತ್ತಿದ್ದಂತೆ ಗೇರುಬೀಜ ಹೆಕ್ಕುವ ಕಾಲ. ಬೆಳಿಗ್ಗೆ ಬೇಗ ಗುಡ್ಡ ಹತ್ತಬೇಕು. ತಡವಾದರೆ ಬಿದ್ದ ಹಣ್ಣು ದನಗಳ ಪಾಲು. ಹಣ್ಣಿನಿಂದ ಬೀಜ ತಿರುವಿ ಕಿತ್ತು, ಬಿಸಿಲಿಗೆ ಹರಡಿ, ಒಣಗಿದ ಮೇಲೆ ಅಂಗಡಿಗೆ ಹಾಕಿದರೆ ಕೈಗೆ ಕಾಸು. ಸಿಪ್ಪೆಯ ಸೊನೆ ತಾಗಿದ ಕಡೆ ಚರ್ಮ ಸುಟ್ಟು ಕಪ್ಪಾಗುತ್ತಿತ್ತು. ಆ ಕಲೆಗಳನ್ನು ನೋಡಿದರೇ ಯಾವ ಮಗು ಯಾವ ಗುಡ್ಡದಲ್ಲಿತ್ತು ಎಂದು ಮನೆಯವರಿಗೆ ತಿಳಿಯುತ್ತಿತ್ತು. ಗೇರುಬೀಜದ ದುಡ್ಡಿನಲ್ಲಿ ಜಾತ್ರೆಯ ಬಳೆ, ಬಲೂನುಗಳ ಪಾಲು ಕಳೆದು ಉಳಿದದ್ದು ಮಳೆಗಾಲದ ಕೊಡೆಗೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಬೇಸಿಗೆಯೆಂದರೆ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಕೆಂಪು ಕಾಯಿ ಮಾರುಕಟ್ಟೆಯಿಂದ ಕೋಲ್ಡ್ ಸ್ಟೋರೇಜಿಗೋ ಪುಡಿ ಮಾಡುವ ಗಿರಣಿಗೋ ಹೋಗುವ ಮುಂಚೆ ಸಾವಿರಾರು ಹೆಣ್ಣುಮಕ್ಕಳ ಕೈಯಲ್ಲಿ ಹಾಯುತ್ತದೆ. ಅವರು ಒಂದೊಂದೇ ಕಾಯಿಯ ತುಂಬು (ತೊಟ್ಟು) ಬಿಡಿಸುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. ತಾಯಂದಿರ ಜೊತೆ ಕೂತ ಮಕ್ಕಳಿಗೆ ಮೊದಲ ದಿನ ಸೀನು ನಿಲ್ಲುವುದಿಲ್ಲ, ರಾತ್ರಿ ಬೆರಳು ಉರಿದು ನಿದ್ದೆ ಹತ್ತುವುದಿಲ್ಲ. ಎಣ್ಣೆ ಸವರಿಕೊಂಡು ಮಲಗಿ, ಮರುದಿನ ಮತ್ತೆ ಅದೇ ರಾಶಿಯ ಮುಂದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹುಣಸೆಹಣ್ಣು. ಮರ ಬಡಿದು, ಹಣ್ಣು ಒಣಗಿಸಿ, ಮೇಲಿನ ಓಡು ಒಡೆದು, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬೇರ್ಪಡಿಸುವ ಕೆಲಸ ಮನೆಯ ಜಗುಲಿಗಳಲ್ಲೇ ನಡೆಯುತ್ತಿತ್ತು. ಓಣಿಯುದ್ದಕ್ಕೂ ಕುಟ್ಟುವ ಸದ್ದು, ಮೂಗಿಗೆ ಹುಳಿಯ ಘಾಟು. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಹುಡುಗರಿಗೆ ಹಣ್ಣು ಆರಿಸುವ, ಹುಲ್ಲು ಹಾಸಿ ಪೆಟ್ಟಿಗೆ ತುಂಬುವ ಕೆಲಸ. ಮಲೆನಾಡಿನಲ್ಲಿ ಮುರುಗಲು ಹಣ್ಣು ಕೊಯ್ದು, ಬೀಜ ತೆಗೆದು, ಸಿಪ್ಪೆ ಒಣಗಿಸುವ ಕೆಲಸ.

ಪಟ್ಟಣಗಳ ಲೆಕ್ಕ ಬೇರೆ. ಸೈಕಲ್ ಕ್ಯಾರಿಯರಿಗೆ ಮರದ ಡಬ್ಬಿ ಬಿಗಿದು ಐಸ್ ಕ್ಯಾಂಡಿ ಮಾರುವವರು, ಕಾಸಿಲ್ಲದ ಮಕ್ಕಳಿಂದ ಹಳೇ ಕಬ್ಬಿಣ, ಹರಿದ ಚಪ್ಪಲಿ, ಹೆಂಗಸರು ಬಾಚಿ ತೆಗೆದ ಕೂದಲಿನ ಉಂಡೆಯನ್ನೂ ತೆಗೆದುಕೊಂಡು ಕ್ಯಾಂಡಿ ಕೊಡುತ್ತಿದ್ದರು. ಟೂರಿಂಗ್ ಟಾಕೀಸಿನ ಎತ್ತಿನ ಗಾಡಿಯ ಹಿಂದೆ ನಿಂತು ಕರಪತ್ರ ಎಸೆಯುವ ಹುಡುಗರಿಗೆ ಕೂಲಿಯೆಂದರೆ ರಾತ್ರಿಯ ಆಟಕ್ಕೆ ಪುಕ್ಕಟೆ ಪ್ರವೇಶ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹೊತ್ತು ದರ ಇಳಿಯುತ್ತಿದ್ದರಿಂದ ಊರವರು ಊಟ ಮುಗಿಸಿ ಸಾಲು ಹಚ್ಚುತ್ತಿದ್ದರು. ಬಿಲ್ಲು ಹರಿದುಕೊಟ್ಟು ಚಿಲ್ಲರೆ ಎಣಿಸುವ ಹುಡುಗನ ಮುಂದೆಯೇ ದುಬೈಗೆ ಹೋದ ಮಗನ ಸುದ್ದಿ, ಆಸ್ಪತ್ರೆ ಸೇರಿದ ತಾಯಿಯ ಸುದ್ದಿ ಎಲ್ಲ ಹಾದುಹೋಗುತ್ತಿತ್ತು. ಕೇಳಿದ್ದನ್ನು ಹೊರಗೆ ಆಡಬಾರದೆಂಬ ಶಿಸ್ತನ್ನು ಎಷ್ಟೋ ಜನ ಕಲಿತದ್ದು ಆ ಗಾಜಿನ ಗೂಡಿನ ಪಕ್ಕದ ಕುರ್ಚಿಯಲ್ಲಿ.

ಮೊಳೆ, ಮಸಿ, ಮದುವೆ ಸೀಸನ್ನು

ನನ್ನ ಮೊದಲ ಕೂಲಿ ಬಂದದ್ದು ಒಂದು ಅಚ್ಚುಕೂಟದಿಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ಬೇಸಿಗೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಪ್ರೆಸ್ಸು. ಏಪ್ರಿಲ್-ಮೇ ಎಂದರೆ ಮುಹೂರ್ತಗಳ ಕಾಲ. ಲಗ್ನಪತ್ರಿಕೆಗೆ ಬಂದವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಕೈ ಸಾಲದೆ ಮಾಲೀಕರು ನನ್ನಂಥವರನ್ನೂ ಸೇರಿಸಿಕೊಂಡಿದ್ದರು.

ಹೊಸಬರಿಗೆ ಮೊದಲು ಕೊಡುವ ಕೆಲಸ ಮೊಳೆ ಹಂಚುವುದು. ಅಚ್ಚಾದ ಪುಟವನ್ನು ಬಿಚ್ಚಿ, ಸೀಸದ ಒಂದೊಂದು ಅಕ್ಷರವನ್ನೂ ಮರದ ಕೇಸಿನ ಅದರದರ ಮನೆಗೆ ಹಿಂತಿರುಗಿಸಬೇಕು. ಇಂಗ್ಲಿಷಿಗಾದರೆ ಕೆಲವೇ ಮನೆಗಳು ಸಾಕು. ಕನ್ನಡಕ್ಕೆ ಅಕ್ಷರ, ಗುಣಿತ, ಒತ್ತು ಎಂದು ಕೇಸಿನ ಮೇಲೆ ಕೇಸು. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ; ಅದು ಮೇಲ್ಮುಖವಾಗಿದ್ದರೆ ಅಕ್ಷರ ಸರಿಯಾದ ದಿಕ್ಕಿನಲ್ಲಿದೆ ಎಂದರ್ಥ. ಓದಬೇಕಾದದ್ದು ತಲೆಕೆಳಗಾಗಿ. ಪ ಯಾವುದು ಷ ಯಾವುದು, ಡ ಯಾವುದು ಢ ಯಾವುದು ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮುಂದಿನ ಪತ್ರಿಕೆಯಲ್ಲಿ ಮದುಮಗನ ಹೆಸರೇ ಕೆಟ್ಟೀತು.

ಹಿರಿಯ ಕಂಪೋಸಿಟರು ಕೇಸಿನತ್ತ ನೋಡದೆಯೇ ಸ್ಟಿಕ್ಕಿನಲ್ಲಿ ಸಾಲು ಕೂಡಿಸುತ್ತಿದ್ದರು. ಹೆಬ್ಬೆರಳು ಮೊಳೆಗಳನ್ನು ಅದುಮಿ ಹಿಡಿದಿರುತ್ತಿತ್ತು, ಇನ್ನೊಂದು ಕೈ ಕೇಸಿನ ಮೇಲೆ ಹಾರಾಡುತ್ತಿತ್ತು. ಮದುವೆ ಸೀಸನ್ನಿನಲ್ಲಿ ಅವರಿಗೆ ಮೊದಲು ಕೊರತೆ ಬೀಳುತ್ತಿದ್ದುದು ಪ ಒತ್ತು ಮತ್ತು ಮ ಒತ್ತು. ನಮ್ಮ ಸೀಮೆಯ ಹೆಸರುಗಳೆಲ್ಲ ಅಪ್ಪ, ಅಮ್ಮಗಳಲ್ಲೇ ಮುಗಿಯುವಂಥವು. ಅಜ್ಜ-ಅಜ್ಜಿಯರಿಂದ ಹಿಡಿದು ಸೋದರಮಾವಂದಿರವರೆಗೆ ಎಲ್ಲರ ಹೆಸರೂ ಪತ್ರಿಕೆಯಲ್ಲಿ ಬರಲೇಬೇಕು. ಒಂದು ಮನೆಯ ಪತ್ರಿಕೆ ಅಚ್ಚಾಗಿ ಬಿಚ್ಚುವತನಕ ಇನ್ನೊಂದು ಮನೆಯ ಬಂಧುಬಳಗ ಕಾದಿರಬೇಕಾಗುತ್ತಿತ್ತು. ಊಟದ ಹೊತ್ತಿಗೆ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯುತ್ತಿದ್ದೆವು. ಆದರೂ ಅನ್ನಕ್ಕೆ ಮಸಿಯ ವಾಸನೆ ಬರುತ್ತಿತ್ತು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಆಮೇಲಿನದು ಮೊಳೆಗಳ ಕಾಲ. ಒಂದು ಶತಮಾನಕ್ಕೂ ಮಿಕ್ಕಿ ಕನ್ನಡದ ಕಾದಂಬರಿ, ಪಠ್ಯಪುಸ್ತಕ, ಕರಪತ್ರ ಎಲ್ಲವೂ ಇಂಥ ಬೆರಳುಗಳಿಂದಲೇ ಹೊರಟವು. ತೊಂಬತ್ತರ ದಶಕದಲ್ಲಿ ಕಂಪ್ಯೂಟರು ಬಂದು ಕೇಸುಗಳನ್ನು ಗುಜರಿಗೆ ಹಾಕಿದಾಗ ಎಷ್ಟೋ ಕಂಪೋಸಿಟರುಗಳ ವಿದ್ಯೆ ನಿರುಪಯೋಗವಾಯಿತು. ಪುಸ್ತಕ ಎತ್ತಿಕೊಂಡಾಗಲೆಲ್ಲ ಅದರ ಕೊನೆಯಲ್ಲಿ ಮುದ್ರಕರ ಹೆಸರು ಹುಡುಕುವ ಅಭ್ಯಾಸ ನನಗೆ ಅಂಟಿದ್ದು ಆ ಬೇಸಿಗೆಯಿಂದ. ಮೊದಲ ಕೂಲಿ ಹೋದದ್ದು ದಿನಸಿ ಅಂಗಡಿಗೆ. ಸಾಲದ ಪುಸ್ತಕದಲ್ಲಿ ನಮ್ಮ ಮನೆಯ ಲೆಕ್ಕದ ಮೇಲೆ ಶೆಟ್ಟರು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದದ್ದನ್ನು ನಾನು ನಿಂತು ನೋಡಿದೆ. ಮನೆ ನಡೆಯುವುದು ಹೇಗೆ ಎಂಬುದು ನನಗೆ ಅರ್ಥವಾದದ್ದು ಅಂದು.

ಅದೇ ಪ್ರೆಸ್ಸಿನಲ್ಲಿ ಹನ್ನೆರಡರ ಆಸುಪಾಸಿನ ಒಬ್ಬ ಹುಡುಗನಿದ್ದ. ಟ್ರೆಡಲ್ ಯಂತ್ರಕ್ಕೆ ಕಾರ್ಡು ಕೊಡುವುದು ಅವನ ಕೆಲಸ. ಬಾಯಿ ತೆರೆದ ಯಂತ್ರದೊಳಗೆ ಕಾರ್ಡು ಇಟ್ಟು, ಅದು ಮುಚ್ಚುವಷ್ಟರಲ್ಲಿ ಕೈ ಹಿಂದೆಗೆಯಬೇಕು, ದಿನವಿಡೀ ಅದೇ. ಅವನು ಶಾಲೆ ಬಿಟ್ಟು ಕೆಲ ಕಾಲವಾಗಿತ್ತು. ಮೊಳೆಯಲ್ಲಿ ತಲೆಕೆಳಗಾದ ಅಕ್ಷರವನ್ನು ನನಗಿಂತ ಬೇಗ ಗುರುತಿಸುತ್ತಿದ್ದ. ದಿನಪತ್ರಿಕೆ ಕೈಗೆ ಕೊಟ್ಟರೆ ಮಾತ್ರ ತಡವರಿಸುತ್ತಿದ್ದ. ಮೇ ಕೊನೆಗೆ ಲಗ್ನಪತ್ರಿಕೆಗಳು ಮುಗಿದು ಶಾಲೆಗಳ ಪ್ರವೇಶದ ಅರ್ಜಿ, ಫೀಸಿನ ರಸೀದಿ ಪುಸ್ತಕಗಳು ಅಚ್ಚಿಗೆ ಬಂದವು. ಆ ಅರ್ಜಿಗಳನ್ನೆಲ್ಲ ಒಂದೊಂದಾಗಿ ಯಂತ್ರಕ್ಕೆ ಕೊಟ್ಟವನು ಅವನೇ. ಅದರಲ್ಲಿ ಒಂದನ್ನು ತುಂಬಿಸಿ ಅವನನ್ನು ಶಾಲೆಗೆ ಕಳಿಸುವವರು ಯಾರೂ ಇರಲಿಲ್ಲ. ಜೂನ್‌ನಲ್ಲಿ ನಾನು ಕಾಲೇಜಿಗೆ ಹೋದೆ, ಅವನು ಯಂತ್ರದ ಮುಂದೆಯೇ ಉಳಿದ.

ರಜೆಯ ಕೆಲಸದ ನೆನಪುಗಳನ್ನು ಕೇಳುವಾಗಲೆಲ್ಲ ನನಗೆ ಈ ವ್ಯತ್ಯಾಸವೇ ಮುಖ್ಯವಾಗಿ ಕಾಣುತ್ತದೆ. ದುಡಿಮೆಯಿಂದ ನಾವು ಪಾಠ ಕಲಿತೆವು ಎನ್ನುವವರೆಲ್ಲ ಜೂನ್‌ನಲ್ಲಿ ಶಾಲೆಗೆ ಮರಳಿದವರು. ಮರಳದವರ ಕಥೆ ಪುರವಣಿಗಳವರೆಗೆ ಬರುವುದೇ ಅಪರೂಪ.

ಬೀಡಿಯ ಸೂಪು, ಹೋಟೆಲಿನ ಹಿಂಬಾಗಿಲು

ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಬೀಡಿ ಎಷ್ಟು ಮಕ್ಕಳನ್ನು ಓದಿಸಿದೆ ಎಂಬುದನ್ನು ಆ ಕಡೆಯವರೇ ಹೇಳಬೇಕು. ಎಲೆಯನ್ನು ನೀರಿನಲ್ಲಿ ನೆನೆಸಿ, ಅಚ್ಚಿನ ತಗಡಿಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟುವುದು. 25ರ ಕಟ್ಟು, ಸಾವಿರದ ಲೆಕ್ಕ. ತಾಯಿ ಸುತ್ತಿದ್ದಕ್ಕೆ ಮಕ್ಕಳು ಬಾಯಿ ಮಡಚುತ್ತಿದ್ದರು. ರೇಡಿಯೊದ ಹಾಡು ಕೇಳುತ್ತ, ಮಗ್ಗಿ ಬಾಯಿಪಾಠ ಮಾಡುತ್ತ. ಸಂಜೆ ಸೂಪಿನಲ್ಲಿ, ಎಂದರೆ ಮೊರದಲ್ಲಿ, ಇದ್ದದ್ದನ್ನು ಕಟ್ಟಿಕೊಂಡು ಬೀಡಿ ಕಂಪನಿಯ ಬ್ರಾಂಚಿಗೆ ಓಟ. ಅಲ್ಲಿ ಸರಿಯಿಲ್ಲವೆಂದು ಎಸೆದ ಬೀಡಿಗಳಿಗೆ ಕೂಲಿ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಾರ್ಖಾನೆಯಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಿತ್ತು. ಆದರೆ ಕೆಲಸ ಮನೆಯ ಜಗುಲಿಗೇ ಬಂದಿದ್ದರಿಂದ ಯಾವ ಇನ್‌ಸ್ಪೆಕ್ಟರ ಕಣ್ಣಿಗೂ ಮಕ್ಕಳು ಬೀಳುತ್ತಿರಲಿಲ್ಲ. ಹೊಗೆಸೊಪ್ಪಿನ ದೂಳಿನ ಕೆಮ್ಮು ಮಾತ್ರ ಮನೆಮಂದಿಗೆಲ್ಲ ಪಾಲಾಗುತ್ತಿತ್ತು. ಬೀಡಿ ಕಟ್ಟಿದ ಆ ತಾಯಂದಿರು ಮಕ್ಕಳನ್ನು ಎಂಜಿನಿಯರು, ನರ್ಸು, ಟೀಚರು ಮಾಡಿದ್ದು ಕರಾವಳಿಯ ಹೆಮ್ಮೆ. ಆ ಹೆಮ್ಮೆಗೆ ಅವರ ಶ್ವಾಸಕೋಶ ತೆತ್ತ ಬೆಲೆಯನ್ನೂ ಜೊತೆಗೇ ಹೇಳಬೇಕು.

ಅದೇ ಕರಾವಳಿಯ ಹುಡುಗರು ಹೋಟೆಲುಗಳ ಕಡೆ ನಡೆದರು. ಮದರಾಸು, ಬೆಂಗಳೂರು, ಎಲ್ಲಕ್ಕಿಂತ ಹೆಚ್ಚಾಗಿ ಮುಂಬೈ. ಊರಿನ ಯಾರೋ ರಜೆಗೆ ಬಂದವರು ಮರಳುವಾಗ ಜೊತೆಗೊಬ್ಬ ಹುಡುಗನನ್ನು ಕರೆದೊಯ್ಯುತ್ತಿದ್ದರು. ಮೊದಲು ಲೋಟ-ತಟ್ಟೆ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರು, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆ. ಕೆಲಸ ಮುಗಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ನಿದ್ದೆ. ಚೆನ್ನೈಯಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕಡಂದಲೆ ಕೃಷ್ಣರಾಯರೂ ಅಡುಗೆಮನೆಯ ಸಹಾಯಕನಾಗಿಯೇ ಬದುಕು ಶುರುಮಾಡಿದವರು.

ಮುಂಬೈಗೆ ಹೋದ ಹುಡುಗರ ಕೈಹಿಡಿದದ್ದು ಅಲ್ಲಿನ ಕನ್ನಡ ರಾತ್ರಿ ಶಾಲೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕಟ್ಟಿ ಬೆಳೆಸಿದ ಆ ಶಾಲೆಗಳಲ್ಲಿ ಹಗಲು ತಟ್ಟೆ ಎತ್ತಿದವರು ರಾತ್ರಿ ಬೀಜಗಣಿತ ಬಿಡಿಸಿದರು. ಅಲ್ಲಿಂದ ಮೆಟ್ರಿಕ್ ಮುಗಿಸಿ ಬ್ಯಾಂಕು, ವಕೀಲಿ, ಸ್ವಂತ ಹೋಟೆಲು ಎಂದು ಬೆಳೆದವರ ಪಟ್ಟಿ ದೊಡ್ಡದು. ಕೆಲಸಕ್ಕೆ ಬಂದ ಮಗುವಿಗೆ ಶಾಲೆಯ ಬಾಗಿಲು ತೆರೆದಿಡಬೇಕೆಂದು ಸಮುದಾಯವೊಂದು ತಾನೇ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ ರಾತ್ರಿ ಶಾಲೆಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಹುಡುಗನ ನಿದ್ದೆಗಣ್ಣು, ಮೇಷ್ಟರ ಸಹನೆ, ಒಂದು ಗಂಟೆ ಮುಂಚೆ ಬಿಟ್ಟುಕೊಟ್ಟ ಮಾಲೀಕರ ದೊಡ್ಡ ಮನಸ್ಸು ಮೂರೂ ಸೇರಿದಾಗಲಷ್ಟೇ ಅಲ್ಲಿ ಪಾಠ ನಡೆಯುತ್ತಿತ್ತು.

ಹಮಾಲಿ, ಬಾಲನಟ, ಕಂಡಕ್ಟರು

ನಾಡು ಮೆರೆಸುವ ಹಲವರ ಬದುಕಿನಲ್ಲೂ ಇಂಥ ಮೊದಲ ಕೆಲಸಗಳಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ಎಳೆಯ ವಯಸ್ಸಿನಲ್ಲಿ ಓದು ನಿಲ್ಲಿಸಿ ಅಲೆದಾಡಿದವರು. ಮುಂಬೈಯ ರೈಲು ನಿಲ್ದಾಣದಲ್ಲಿ ಹಮಾಲಿಯಾಗಿ ದುಡಿದವರು. ಆಮೇಲೆ ಮತ್ತೆ ಓದಿಗೆ ಮರಳಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಅವರ ಕಾದಂಬರಿಗಳಲ್ಲಿ ಹಸಿವು ಅಷ್ಟು ನಿಷ್ಠುರವಾಗಿ ಬರುವುದೇಕೆಂದು ಹೊಳೆಯುತ್ತದೆ. ಸಿಂಗಾನಲ್ಲೂರಿನ ಮುತ್ತುರಾಜ ತಂದೆಯ ಹಿಂದೆ ಹೋಗಿ ಗುಬ್ಬಿ ನಾಟಕ ಕಂಪನಿಯಲ್ಲಿ ಬಾಲಕನಾಗಿಯೇ ಬಣ್ಣ ಹಚ್ಚಿದ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗಿ ತೆರೆಗೆ ಬಂದಾಗ ಆ ದನಿ, ಆ ನಿಲುವು ಕಂಪನಿ ರಂಗಭೂಮಿಯ ದುಡಿಮೆಯಲ್ಲಿ ಪಳಗಿ ಬಂದಿತ್ತು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕ್ವಾಡ್ 1975ರಲ್ಲಿ ‘ಅಪೂರ್ವ ರಾಗಂಗಳ್’ ಮೂಲಕ ರಜನಿಕಾಂತ್ ಆದರು.

ಇವರ ಕಥೆಗಳನ್ನು ನಾವು ಮಕ್ಕಳಿಗೆ ಸ್ಫೂರ್ತಿಗಾಗಿ ಹೇಳುತ್ತೇವೆ, ಹೇಳಲೂಬೇಕು. ಜೊತೆಗೆ ಇದನ್ನೂ ಹೇಳಬೇಕು: ಭೈರಪ್ಪನವರಿಗೆ ಮರಳಲು ಶಾಲೆಯಿತ್ತು, ಮುತ್ತುರಾಜನಿಗೆ ಕಲಿಸುವ ಕಂಪನಿಯಿತ್ತು, ಕಂಡಕ್ಟರನಿಗೆ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಇತ್ತು. ಕಷ್ಟವೇ ಅವರನ್ನು ಬೆಳೆಸಿತು ಎನ್ನುವುದು ಅರ್ಧ ಸತ್ಯ. ಕಷ್ಟದ ಆಚೆ ಒಂದು ಬಾಗಿಲು ತೆರೆದಿತ್ತು ಎನ್ನುವುದು ಉಳಿದರ್ಧ.

ಜೂನ್ ಬಾರದ ಮಕ್ಕಳು

ಆ ಬಾಗಿಲು ಮುಚ್ಚಿದ ಕಡೆ ಏನಾಗುತ್ತದೆಂಬುದಕ್ಕೆ ರೇಷ್ಮೆ ನಾಡಿನಲ್ಲಿ ಕಹಿ ಉದಾಹರಣೆಗಳಿದ್ದವು. ಗೂಡು ಬೇಯಿಸುವ ಬಿಸಿನೀರಿನಲ್ಲಿ ಬರಿಗೈ ಅದ್ದಿ ಎಳೆ ಹುಡುಕುವ ಕೆಲಸದಲ್ಲಿ ಮಕ್ಕಳು ಸಾಲದ ಜೀತಕ್ಕೆ ಸಿಕ್ಕಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2003ರ ತನ್ನ ವರದಿಯಲ್ಲಿ ದಾಖಲಿಸಿತು, ಕರ್ನಾಟಕವೂ ಅದರಲ್ಲಿತ್ತು. ತಂದೆ ತಂದ ಮುಂಗಡದ ಹಣಕ್ಕೆ ಮಗ ಯಂತ್ರದ ಮುಂದೆ ಕೂತರೆ ಅವನಿಗೆ ಏಪ್ರಿಲ್ 10 ಇಲ್ಲ, ಜೂನ್ ಒಂದೂ ಇಲ್ಲ.

ಕಾನೂನು ನಿಧಾನವಾಗಿ ಬಿಗಿಯಾಯಿತು. 1986ರ ಬಾಲಕಾರ್ಮಿಕ ಕಾಯ್ದೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸಿತ್ತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ ಮತ್ತು ಮನೆಗೆಲಸಗಳೂ ನಿಷೇಧದ ಪಟ್ಟಿಗೆ ಸೇರಿದವು. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. 2016ರ ತಿದ್ದುಪಡಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದಿತು. ಮನೆಯವರ ಅಪಾಯವಿಲ್ಲದ ಕಸುಬಿನಲ್ಲಿ ಶಾಲೆಯ ನಂತರ ಮತ್ತು ರಜೆಯಲ್ಲಿ ನೆರವಾಗಲು, ಕಲಾವಿದರಾಗಿ ದುಡಿಯಲು ಮಾತ್ರ ವಿನಾಯಿತಿ. 14ರಿಂದ 18ರ ಹರೆಯದವರನ್ನು ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳಿಗೆ ಸೇರಿಸುವಂತಿಲ್ಲ. ಬೇರೆ ಕೆಲಸವಾದರೂ ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು.

ಮಕ್ಕಳ ಮಾತನ್ನೇ ಮುಂದಿಟ್ಟ ಪ್ರಯೋಗವೊಂದು ನಮ್ಮಲ್ಲೇ ನಡೆಯಿತು. 1990ರಲ್ಲಿ ರೂಪುಗೊಂಡ ‘ಭೀಮ ಸಂಘ’ ದುಡಿಯುವ ಮಕ್ಕಳೇ ಕಟ್ಟಿಕೊಂಡ ಸಂಘಟನೆ. ಕುಂದಾಪುರದಂಥ ತಾಲ್ಲೂಕುಗಳಲ್ಲಿ, ಹೋಟೆಲುಗಳಿಗೆ ಹುಡುಗರು ವಲಸೆ ಹೋಗುವ ಹಳ್ಳಿಗಳಲ್ಲೇ, ಮಕ್ಕಳು ಒಟ್ಟಾಗಿ ಕೂತು ‘ನಮಗೆ ಏನು ಬೇಕು’ ಎಂದು ಹೇಳಿದರು. ಶಾಲೆ ದೂರವಿದೆ, ಹಳ್ಳಕ್ಕೆ ಸಂಕವಿಲ್ಲ, ಮನೆಯಲ್ಲಿ ಪುಟ್ಟ ತಂಗಿಯನ್ನು ನೋಡಿಕೊಳ್ಳುವವರಿಲ್ಲ ಎಂಬಂಥ ಕಾರಣಗಳನ್ನು ದೊಡ್ಡವರು ಕಿವಿಗೊಟ್ಟು ಕೇಳಬೇಕಾಯಿತು. ಮಗು ಕೆಲಸಕ್ಕೆ ಹೋಗುವುದರ ಹಿಂದೆ ಸೋಮಾರಿ ತಂದೆಯೇ ಇರಬೇಕೆಂದಿಲ್ಲ. ಮಳೆಗಾಲದಲ್ಲಿ ದಾಟಲಾಗದ ಒಂದು ಹಳ್ಳವೂ ಇರಬಹುದು.

ಈಗಿನ ಹರೆಯಕ್ಕೆ

ಇಂದಿನ ಬೇಸಿಗೆ ಎರಡು ಹೋಳಾಗಿದೆ. ಅನುಕೂಲಸ್ಥರ ಮಕ್ಕಳಿಗೆ ಶಿಬಿರಗಳು: ಈಜು, ಚಿತ್ರಕಲೆ, ಕೋಡಿಂಗು. ಎಲ್ಲದಕ್ಕೂ ಶುಲ್ಕ. ಇನ್ನೊಂದು ಕಡೆ, ಹದಿನೆಂಟು ತುಂಬಿದೊಡನೆ ಬೈಕು ಹತ್ತಿ ಊಟದ ಪೊಟ್ಟಣ ತಲುಪಿಸುವ ಡಿಗ್ರಿ ಹುಡುಗರು. ಅಂಥ ಕೆಲಸಗಾರರಿಗೆ ಸಾಮಾಜಿಕ ಭದ್ರತೆ ಕೊಡುವ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ತಂದಿದೆ. ಜಾರಿ ಹೇಗಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಳ್ಳಿಗಳಲ್ಲಿ ನರೇಗಾ ಕಾಲದಲ್ಲಿ ಕಾಲೇಜು ಹುಡುಗ-ಹುಡುಗಿಯರು ತಂದೆ-ತಾಯಿಯ ಪಕ್ಕದಲ್ಲೇ ಕೆರೆಯ ಹೂಳೆತ್ತಿ ಫೀಸಿಗೆ ದುಡ್ಡು ಹೊಂದಿಸಿದ್ದುಂಟು. ಆ ಕೂಲಿ ಅವರವರ ಖಾತೆಗೆ ನೇರವಾಗಿ ಬೀಳುತ್ತಿತ್ತು. ಹೆಣ್ಣಿಗೂ ಗಂಡಿಗೂ ಒಂದೇ ದರ. ನಮ್ಮ ಕಾಲದ ಬೇಸಿಗೆ ಕೆಲಸಗಳಲ್ಲಿ ಇಂಥ ನ್ಯಾಯ ಕಂಡಿರಲಿಲ್ಲ.

ಹರೆಯದವರು ಕೈಯಾರೆ ಒಂದಿಷ್ಟು ದುಡಿಯಬೇಕೆಂದು ನಾನು ಮನಸಾರೆ ನಂಬುತ್ತೇನೆ. ಕಾಲೇಜಿನ ಹುಡುಗಿ ರಜೆಯಲ್ಲಿ ಪುಸ್ತಕದ ಅಂಗಡಿಯಲ್ಲಿ ನಿಲ್ಲಲಿ, ಪಿಯುಸಿ ಮುಗಿಸಿದ ಹುಡುಗ ನರ್ಸರಿಯಲ್ಲಿ ಸಸಿಗೆ ಮಣ್ಣು ತುಂಬಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಲಿ. ಗಿರಾಕಿಯ ಮುಂದೆ ನಿಂತು ಮಾತಾಡುವುದು, ಚಿಲ್ಲರೆ ಲೆಕ್ಕ ಹಾಕುವುದು, ದಣಿದ ಕೈಗಳಿಗೆ ಗೌರವ ಕೊಡುವುದು ಯಾವ ಪಠ್ಯದಿಂದಲೂ ಅಷ್ಟು ಬೇಗ ಬರುವುದಿಲ್ಲ. ಕಾನೂನು ಒಪ್ಪುವ ವಯಸ್ಸು, ಮಿತವಾದ ಹೊತ್ತು, ಸರಿಯಾದ ಕೂಲಿ, ಅಪಾಯವಿಲ್ಲದ ಜಾಗ. ಇಷ್ಟನ್ನು ಖಾತ್ರಿ ಮಾಡಿಕೊಂಡರೆ ಮಕ್ಕಳನ್ನು ತಡೆಯಬೇಡಿ. ಅವರ ಮೊದಲ ಸಂಪಾದನೆಯನ್ನು ಹೇಗೆ ಖರ್ಚು ಮಾಡಬೇಕೆಂದು ಅವರೇ ತೀರ್ಮಾನಿಸಲಿ.

ಇದರ ಜೊತೆಗೆ ದೊಡ್ಡವರಾದ ನಮ್ಮ ಪಾಲಿಗೊಂದು ಕೆಲಸವಿದೆ. ಶಾಲೆ ಶುರುವಾದ ಮೇಲೂ ಗ್ಯಾರೇಜಿನಲ್ಲೋ, ಚಹಾದಂಗಡಿಯಲ್ಲೋ, ಕಟ್ಟಡದ ಇಟ್ಟಿಗೆಯ ರಾಶಿಯ ಪಕ್ಕದಲ್ಲೋ ಚಿಕ್ಕ ವಯಸ್ಸಿನ ಮಗು ಕಂಡರೆ ‘ಯಾವ ಕ್ಲಾಸು? ಶಾಲೆಗೆ ಹೋಗಲಿಲ್ವಾ?’ ಎಂದು ಕೇಳಬೇಕು. ಉತ್ತರ ಬರದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಶಾಲೆಯ ಮೇಷ್ಟರಿಗೆ ತಿಳಿಸಬೇಕು. ನಮ್ಮ ಮೊದಲ ಕೂಲಿಯನ್ನು ನಾವು ಇವತ್ತು ಹೆಮ್ಮೆಯಿಂದ ನೆನೆಯಲು ಆಗುತ್ತಿರುವುದು, ಜೂನ್ ಬಂದಾಗ ಯಾರೋ ನಮ್ಮನ್ನು ಶಾಲೆಗೆ ಕಳಿಸಿದ್ದರಿಂದ. ಆ ಋಣ ತೀರಿಸುವ ದಾರಿ, ಇನ್ನೊಂದು ಮಗುವನ್ನು ಶಾಲೆಗೆ ಕಳಿಸುವುದು.